ಚಳಿಗೆ ಹೊಟ್ಟೆ ತುಂಬುವ ಬೀಫ್–ತರಕಾರಿ ಸೂಪ್: ಮಾಂಸ ಬೇಯಬೇಕು, ತರಕಾರಿ ಕರಗಬಾರದು, ಹೇಗೆ?

ಮಂಜುಮುಸುಕು:
ಚಳಿ ಬಿಗಿಯಾಗ್ತಾ ಇದೆ. ಭಾನುವಾರ ಮನೆಗೆ ಏಳೆಂಟು ಜನ ಬರ್ತಾರೆ. ದೊಡ್ಡ ಪಾತ್ರೆ ತುಂಬ ಬೀಫ್ ಮತ್ತು ತರಕಾರಿ ಸೂಪ್ ಮಾಡಿ, ಪಕ್ಕದಲ್ಲಿ ಬ್ರೆಡ್ ಇಟ್ಟು ಊಟ ಮುಗಿಸೋಣ ಅಂತ ಯೋಚನೆ. ಲೋಟದಲ್ಲಿ ಕುಡಿಯೋ ತಿಳಿ ಸೂಪ್ ಅಲ್ಲ. ಚಮಚ ಅದ್ದಿದರೆ ಮಾಂಸ, ಆಲೂಗಡ್ಡೆ, ಕ್ಯಾರೆಟ್ ಒಟ್ಟಿಗೆ ಬರಬೇಕು. ಓದಿದ ಪಾಕವಿಧಾನಗಳು ಒಂದಕ್ಕೊಂದು ತಾಳೆ ಆಗ್ತಿಲ್ಲ. ಒಂದು ಕಡೆ ನಲವತ್ತು ನಿಮಿಷ, ಇನ್ನೊಂದು ಕಡೆ ಮೂರು ಗಂಟೆ. ಯಾವ ಭಾಗದ ಮಾಂಸ ತರಬೇಕು, ಮೊದಲು ಹುರೀಬೇಕಾ, ಕುಕ್ಕರಾ ಪಾತ್ರೆಯಾ, ತರಕಾರಿ ಯಾವಾಗ ಹಾಕಬೇಕು? ಮಾಡಿ ಕೈ ಪಳಗಿದವರು ಹೇಳಿ.

ಸಣ್ಣಉರಿ:
ತಾಳೆ ಆಗದಿರೋದಕ್ಕೆ ಕಾರಣ ಮಾಂಸದ ಭಾಗ. ಅದನ್ನು ಮೊದಲು ತೀರ್ಮಾನ ಮಾಡಿ. ಅಂಡರ್‌ಕಟ್ ಅಂತ ದುಬಾರಿ ಮೆತ್ತನೆ ಮಾಂಸ ಕೊಡ್ತಾರಲ್ಲ, ಸೂಪಿಗೆ ಅದು ಬೇಡವೇ ಬೇಡ. ಹೊತ್ತು ಬೇಯಿಸಿದಷ್ಟೂ ಒಣಗಿ ನಾರಾಗುತ್ತೆ. ಪ್ರಾಣಿ ಓಡಾಡುವಾಗ ಹೆಚ್ಚು ದುಡಿದ ಭಾಗ ಕೇಳಿ: ಭುಜ, ಕುತ್ತಿಗೆ, ಎದೆ, ಕಾಲಿನ ಕೆಳಭಾಗ. ಆ ತುಂಡುಗಳಲ್ಲಿ ಬಿಳಿ ಪೊರೆ, ಅಂಟು ಎಳೆ ಜಾಸ್ತಿ ಇರುತ್ತೆ. ಅದು ಕೊಲಾಜನ್. 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದು ನಿಧಾನಕ್ಕೆ ಜೆಲಾಟಿನ್ ಆಗಿ ಕರಗಿ ಸಾರಿಗೆ ಇಳಿಯುತ್ತೆ. ಒಳ್ಳೆ ಸೂಪ್ ಕುಡಿದಾಗ ತುಟಿಗೆ ಲಘುವಾಗಿ ಅಂಟುತ್ತಲ್ಲ, ಅದು ಇದರದ್ದೇ ಕೆಲಸ.

ಈಗ ಮುಖ್ಯ ವಿಷಯ. ಮಾಂಸ ಪಾತ್ರೆಗೆ ಬಿದ್ದ ಮೊದಲ ಒಂದು ಗಂಟೆಯಲ್ಲಿ ಮೆತ್ತಗಾಗೋದಿಲ್ಲ, ಗಟ್ಟಿಯಾಗುತ್ತೆ. ಸ್ನಾಯುವಿನ ಎಳೆಗಳು ಬಿಸಿಗೆ ಸೆಟೆದು ನೀರು ಹಿಂಡಿ ಹೊರಗೆ ಹಾಕಿರ್ತವೆ, ಕೊಲಾಜನ್ ಇನ್ನೂ ಕರಗಿರೋದಿಲ್ಲ. ಆ ಹೊತ್ತಿಗೆ ಒಂದು ತುಂಡು ಅಗಿದು ನೋಡಿ "ಜಾಸ್ತಿ ಬೆಂದುಹೋಯ್ತು" ಅಂತ ಒಲೆ ಆರಿಸುವವರೇ ಹೆಚ್ಚು. ಆರಿಸಬೇಡಿ. ಇನ್ನೂ ಒಂದು ಗಂಟೆ, ಒಂದೂವರೆ ಗಂಟೆ ಬಿಡಿ. ಫೋರ್ಕ್ ಚುಚ್ಚಿ ತಿರುಗಿಸಿದರೆ ಎಳೆ ತಾನಾಗಿ ಬಿಡಿಸಿಕೊಳ್ಳಬೇಕು.

ಉರಿ ಮಾತ್ರ ನನ್ನ ಹೆಸರಿನ ಹಾಗೆ ಇರಲಿ. ನೀರಿನ ಮೇಲೆ ಆಗೊಂದು ಈಗೊಂದು ಗುಳ್ಳೆ ಏಳಬೇಕು, ಅಂದರೆ 85ರಿಂದ 95 ಡಿಗ್ರಿ. ಕುದಿ ಜೋರಾದರೆ ಕೊಬ್ಬು ಸಣ್ಣ ಹನಿಗಳಾಗಿ ಒಡೆದು ಸಾರಿನಲ್ಲೇ ಬೆರೆತು ಕದಡಿಹೋಗುತ್ತೆ.

ಕುಕ್ಕರ್‌ಪ್ರಿಯ:
ಮೂರು ಗಂಟೆ ಒಲೆ ಕಾಯೋಕೆ ಯಾರಿಗಿದೆ ಪುರುಸೊತ್ತು ಗುರು? ಕುಕ್ಕರಿಗೆ ಹಾಕಿ. ಒಳಗೆ ಒತ್ತಡ ಪೂರ್ತಿ ಏರಿದಾಗ ನೀರು ಸುಮಾರು 120 ಡಿಗ್ರಿಗೆ ಕುದಿಯುತ್ತೆ, ಕೊಲಾಜನ್ ಸರಸರ ಕರಗುತ್ತೆ. ಭುಜದ ಮಾಂಸ ಆದರೆ 35 ನಿಮಿಷ, ಕಾಲಿನದ್ದಾದರೆ 45. ಕೂಗು ಎಣಿಸೋ ಅಭ್ಯಾಸ ಬಿಡಿ. ಒಂದೊಂದು ಕುಕ್ಕರ್ ಒಂದೊಂದು ರೀತಿ ಕೂಗುತ್ತೆ. ಮೊದಲ ವಿಷಲ್ ಬಂದ ಮೇಲೆ ಉರಿ ತಗ್ಗಿಸಿ ಗಡಿಯಾರ ನೋಡಿ.

ಇತಿಹಾಸ ಬೇಕಾದರೆ: ಡೆನಿ ಪಾಪಿನ್ ಅನ್ನೋ ಫ್ರೆಂಚ್ ವಿಜ್ಞಾನಿ 1679ರಲ್ಲಿ ಇದರ ಮೂಲ ಯಂತ್ರ ಮಾಡಿದ್ದು ಮೂಳೆಯನ್ನೇ ಮೆತ್ತಗೆ ಮಾಡೋಕೆ. ಸಿಡಿಯದೆ ಇರಲಿ ಅಂತ ಸೇಫ್ಟಿ ವಾಲ್ವ್ ಸೇರಿಸಿದ್ದೂ ಅವನೇ. ಅಂದರೆ ಕುಕ್ಕರ್ ಹುಟ್ಟಿದ್ದೇ ಈ ಕೆಲಸಕ್ಕೆ!

ಸಣ್ಣಉರಿ:
ಕುಕ್ಕರ್ ಬೇಡ ಅಂತ ನಾನು ಹೇಳಿಲ್ಲ. ಆದರೆ ಎರಡು ಮಾತು. ಒಲೆ ಆರಿಸಿದ ಮೇಲೆ ವೆಯ್ಟ್ ಎತ್ತಿ ಪುಸ್ಸಂತ ಆವಿ ಬಿಡಬೇಡಿ. ಒತ್ತಡ ಒಮ್ಮೆಲೇ ಬಿದ್ದರೆ ಒಳಗಿನ ಸಾರು ಭರ್ರನೆ ಕುದ್ದು ಕದಡುತ್ತೆ. ತಾನಾಗಿ ಇಳಿಯಲಿ. ಎರಡನೆಯದು, ತರಕಾರಿಯನ್ನು ಮಾಂಸದ ಜೊತೆಗೇ ಕುಕ್ಕರಿಗೆ ಹಾಕಿದರೆ 45 ನಿಮಿಷದ ಮೇಲೆ ಕ್ಯಾರೆಟ್ ಇತ್ತು ಅನ್ನೋದಕ್ಕೆ ಬಣ್ಣ ಬಿಟ್ಟರೆ ಬೇರೆ ಸಾಕ್ಷಿ ಸಿಗೋಲ್ಲ.

ಸೌಟು:
ರೀ ಮಂಜುಮುಸುಕು ಅವರ, ಹುರಿಯೂದು ಬಿಡಬ್ಯಾಡ್ರಿ. ಅರ್ಧ ರುಚಿ ಅಲ್ಲೇ ಅದ. ತುಂಡುಗಳನ್ನ ಬಟ್ಟೀಲೆ ಒತ್ತಿ ಪೂರಾ ಒಣಗಿಸ್ರಿ. ಒದ್ದಿ ಇದ್ರ ಆ ನೀರು ಆರೂತನಕ ಶಾಖ 100 ಡಿಗ್ರಿ ದಾಟೂದಿಲ್ಲ, ಬಣ್ಣಾನೂ ಬರೂದಿಲ್ಲ. ದಪ್ಪ ತಳದ ಪಾತ್ರ್ಯಾಗ ಎಣ್ಣಿ ಚಲೋ ಕಾಯಿಸಿ ಒಂದೊಂದ ಹಿಡಿ ಹಾಕ್ರಿ. ಎಲ್ಲಾ ಒಮ್ಮೆ ಸುರದ್ರ ನೀರು ಬಿಟ್ಟು ಅದರಾಗ ಕುದೀತಾವ, ಹುರಿಯೂದಿಲ್ಲ. ಹಾಕಿದ ಮ್ಯಾಲ ಸೌಟು ಆಡಸಬ್ಯಾಡ್ರಿ, ಮೂರು ನಾಕು ನಿಮಿಷ ಹಂಗ ಬಿಡ್ರಿ. ಎಲ್ಲಾ ಮಗ್ಗಲೂ ಕೆಂಪಾಗಬೇಕಂತೇನಿಲ್ಲ, ಎರಡು ಮಗ್ಗಲು ಸಾಕು.

ಆಮ್ಯಾಲ ತಳಕ್ಕ ಅಂಟಿದ ಕಂದು ಹಕ್ಕಳಿ ಅದ ನೋಡ್ರಿ, ಅದೇ ಬಂಗಾರ. ಉಳ್ಳಾಗಡ್ಡಿ ಹಾಕಿ ಒಂದು ಲೋಟ ನೀರು ಸುರದು ಕಟಗಿ ಸೌಟಿಲೆ ಕೆರದು ಎಬ್ಬಸ್ರಿ. ಕರ್ರಗ ಸೀದಿದ್ರ ಮಾತ್ರ ಪಾತ್ರಿ ತೊಳದು ಬಿಡ್ರಿ. ಆ ಕಹಿ ಆಮ್ಯಾಲ ಏನು ಹಾಕಿದ್ರೂ ಹೋಗೂದಿಲ್ಲ.

ಹಸಿದವ:
ಹುರಿದರೆ ರಸ ಒಳಗೇ ಉಳಿಯುತ್ತೆ ಅಂತಾರಲ್ಲ, ಅದಕ್ಕೇ ಅಲ್ವಾ ಹುರಿಯೋದು?

ಕೆಮಿಸ್ಟ್ರಿಮೇಷ್ಟ್ರು:
ಅಲ್ಲ. ಆ ಮಾತು ಹರಡಿದ್ದು 19ನೇ ಶತಮಾನದಲ್ಲಿ ಯುಸ್ಟುಸ್ ಫಾನ್ ಲೀಬಿಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞನಿಂದ. ದೊಡ್ಡ ವಿಜ್ಞಾನಿಯೇ, ಆದರೆ ಈ ವಿಷಯದಲ್ಲಿ ಆತ ಹೇಳಿದ್ದು ನಿಲ್ಲಲಿಲ್ಲ. ಹುರಿದ ಮೇಲ್ಪದರ ನೀರನ್ನು ತಡೆಯುವುದಿಲ್ಲ. ಬಾಣಲೆಯಲ್ಲಿ ಚರ್ ಎನ್ನುವ ಸದ್ದೇ ನೀರು ಹೊರಬರುತ್ತಿರುವ ಸದ್ದು. ಹುರಿಯುವುದು ರುಚಿಗಾಗಿ. ಸುಮಾರು 140 ಡಿಗ್ರಿಯ ಮೇಲೆ ಅಮೈನೋ ಆಮ್ಲಗಳೂ ಸಕ್ಕರೆಗಳೂ ಬೇಗಬೇಗ ಕೂಡಿಕೊಂಡು ನೂರಾರು ಹೊಸ ಪರಿಮಳದ ಸಂಯುಕ್ತಗಳಾಗುತ್ತವೆ. 1912ರಲ್ಲಿ ಇದನ್ನು ವಿವರಿಸಿದ ಲೂಯಿ ಕಮಿಲ್ ಮಯಾರ್ ಹೆಸರಿನಿಂದಲೇ ಮಯಾರ್ ಕ್ರಿಯೆ ಎನ್ನುತ್ತಾರೆ. ಕುದಿಯುವ ನೀರಿನ ಶಾಖ ಆ ಮಟ್ಟಕ್ಕೆ ಏರುವುದಿಲ್ಲ, ಹಾಗಾಗಿ ಈ ಕೆಲಸ ನೀರು ಹಾಕುವ ಮೊದಲೇ ಆಗಬೇಕು.

ಅದೇ ಬಿಸಿಯಲ್ಲಿ ಎರಡು ಚಮಚ ಟೊಮೆಟೊ ಪೇಸ್ಟ್ ಹಾಕಿ, ಕೆಂಪು ಬಣ್ಣ ಇಟ್ಟಿಗೆ ಬಣ್ಣಕ್ಕೆ ತಿರುಗುವವರೆಗೆ ಬಾಡಿಸಿ. ಟೊಮೆಟೊ ಮತ್ತು ಅಣಬೆಯಲ್ಲಿ ಗ್ಲುಟಮೇಟ್ ಇದೆ. ಜಪಾನಿನ ಕಿಕುನೇ ಇಕೆಡಾ 1908ರಲ್ಲಿ ಕಡಲಪಾಚಿಯ ಸಾರಿನಿಂದ ಬೇರ್ಪಡಿಸಿ ಉಮಾಮಿ ಎಂದು ಹೆಸರಿಟ್ಟ, ಮಾಂಸದ ಸಾರಿನಂಥ ಗಾಢ ರುಚಿ ಇದರದ್ದೇ. ಮಾಂಸದಲ್ಲಿ ಇನೋಸಿನೇಟ್ ಎಂಬ, ಅದೇ ಬಗೆಯ ರುಚಿ ಕೊಡುವ ಇನ್ನೊಂದು ವಸ್ತು ಇರುತ್ತದೆ. ಇವೆರಡೂ ಸೇರಿದಾಗ ಸಿಗುವ ರುಚಿ, ಬಿಡಿಬಿಡಿಯಾಗಿ ಸಿಗುವುದಕ್ಕಿಂತ ಎಷ್ಟೋ ಪಾಲು ಗಾಢ. ಒಂದು ಹಿಡಿ ಅಣಬೆ ಹಾಕಿದರೆ ಮಾಂಸ ಹೆಚ್ಚು ಹಾಕಿದಂತೆ ಅನ್ನಿಸುವುದು ಇದಕ್ಕೇ.

ತಿಳಿಸಾರು:
ಎಲ್ಲರೂ ಹುರೀರಿ ಹುರೀರಿ ಅಂತಿದ್ದೀರಿ. ನಾನು ಹುರಿಯೋದಿಲ್ಲ. ಮಾಂಸ, ಮೂಳೆ ತಣ್ಣೀರಿಗೆ ಹಾಕಿ ನಿಧಾನವಾಗಿ ಬಿಸಿ ಮಾಡ್ತೀನಿ. ಬೂದು ನೊರೆ ಮೇಲೆ ಬರುತ್ತೆ, ಅದು ಹೆಪ್ಪುಗಟ್ಟಿದ ಪ್ರೊಟೀನ್ ಅಷ್ಟೇ, ಕೊಳೆಯಲ್ಲ. ತಿಂದರೆ ಏನೂ ಆಗೋಲ್ಲ, ತೆಗೆದರೆ ಸಾರು ಚೊಕ್ಕಟ. ಹುರಿದ ಸೂಪಿನಲ್ಲಿ ಹುರಿದ ರುಚಿ ಮುಂದೆ ನಿಂತು ತರಕಾರಿಯ ಸಿಹಿ ಹಿಂದೆ ಸರಿಯುತ್ತೆ ಅನ್ನೋದು ನನ್ನ ಅಭಿಪ್ರಾಯ. ಸೆಲರಿ, ಟರ್ನಿಪ್, ಲೀಕ್ ಥರದ ನಾಜೂಕು ತರಕಾರಿ ಹಾಕೋದಾದರೆ ಒಮ್ಮೆ ಹುರಿಯದೆ ಮಾಡಿ ನೋಡಿ.

ಸೌಟು:
ಅದು ಆಜಾರಿ ಮಂದಿಗೆ ಕೊಡೂ ಸೂಪ್ ರೀ! ಅವರು ಕೇಳಿದ್ದು ಚಳಿಗೆ ಹೊಟ್ಟಿ ತುಂಬೂದು.

ತಿಳಿಸಾರು:
ಸೌಟು ಅವರೇ, ಒಮ್ಮೆ ನಮ್ಮನೆಗೆ ಬನ್ನಿ, ಎರಡು ಬಟ್ಟಲು ಕೇಳದೆ ಇದ್ದರೆ ನೋಡೋಣ.

ಕಡಲಗಾಳಿ:
ಜಗಳ ಆಮೇಲೆ ಮಾಡಿ ಮಾರಾಯ್ರೆ, ಮೂಳೆ ವಿಷಯ ಯಾರೂ ಹೇಳ್ಲಿಲ್ಲ. ನಲ್ಲಿ ಮೂಳೆ ಒಂದನ್ನೇ ತಂದು ಸಾರು ದಪ್ಪ ಆಗ್ಲಿಲ್ಲ ಅಂತ ಹೇಳುವವರು ಇದ್ದಾರೆ. ನಲ್ಲಿಯಲ್ಲಿ ಇರುವುದು ಮಜ್ಜೆ, ಅದು ಹೆಚ್ಚು ಕಡಿಮೆ ಪೂರ್ತಿ ಕೊಬ್ಬು. ರುಚಿ ಉಂಟು, ಆದರೆ ಜೆಲಾಟಿನ್ ಕಡಿಮೆ. ಸಾರು ತಣಿದಾಗ ಗಟ್ಟಿ ಆಗ್ಬೇಕಾದ್ರೆ ಕೀಲಿನ ಮೂಳೆ, ಬಾಲದ ತುಂಡು, ಕಾಲಿನ ಭಾಗ ಬೇಕು. ಒಂದು ಕೆಜಿ ಮಾಂಸಕ್ಕೆ ಅರ್ಧ ಕೆಜಿ ಅಂಥ ಮೂಳೆ ಸಾಕು.

ಮತ್ತೆ ತುಂಡು ಎಷ್ಟು ದೊಡ್ಡದು ಅಂತ ಕೇಳಿದ್ರೆ ಮೂರು ಸೆಂಟಿಮೀಟರ್. ಬೆಂದ ಮೇಲೆ ಕುಗ್ಗಿ ಚಮಚಕ್ಕೆ ಸರಿ ಆಗ್ತದೆ. ಎಳೆಗೆ ಅಡ್ಡ ಕತ್ತರಿಸಿ. ಉದ್ದಕ್ಕೆ ಕತ್ತರಿಸಿದ್ರೆ ಎಷ್ಟು ಬೆಂದರೂ ಹಲ್ಲಿನ ಸಂದಿಗೆ ನೂಲು ಸಿಕ್ಕಿದ ಹಾಗೆ.

ಮಂಜುಮುಸುಕು:
ತುಂಬಾ ಉಪಯೋಗ ಆಯ್ತು. ತರಕಾರಿ? ಕ್ಯಾರೆಟ್, ಆಲೂಗಡ್ಡೆ, ಎಲೆಕೋಸು, ಬೀನ್ಸ್, ಬಟಾಣಿ, ಟೊಮೆಟೊ ಇಷ್ಟು ಯೋಚನೆಯಲ್ಲಿದೆ. ಬಾರ್ಲಿ, ಕೆಂಪು ರಾಜ್ಮಾ ಹಾಕಬಹುದಾ?

ಸಣ್ಣಉರಿ:
ತರಕಾರಿಯನ್ನು ಎರಡು ಸಲ ಹಾಕಿ. ಇದೊಂದು ನೆನಪಿಟ್ಟುಕೊಂಡರೆ ಉಳಿದಿದ್ದೆಲ್ಲ ಮರೆತರೂ ನಡೆಯುತ್ತೆ. ಮಾಂಸಕ್ಕೆ ಬೇಕಾದ ಹೊತ್ತು ಬೇರೆ, ತರಕಾರಿಗೆ ಬೇಕಾದ ಹೊತ್ತು ಬೇರೆ. ಎರಡನ್ನೂ ಒಟ್ಟಿಗೆ ಕೂಡಿಹಾಕಿದರೆ ಒಂದಲ್ಲ ಒಂದು ಕೆಡುತ್ತೆ.

ಮೊದಲ ಸಲ ಹಾಕೋದು ಸಾರಿಗಾಗಿ: ದೊಡ್ಡದಾಗಿ ಹೆಚ್ಚಿದ ಎರಡು ಈರುಳ್ಳಿ, ಒಂದು ಕ್ಯಾರೆಟ್, ಸೆಲರಿ ಇದ್ದರೆ ಅದರ ದಂಟು, ನಾಲ್ಕು ಎಸಳು ಬೆಳ್ಳುಳ್ಳಿ, ಒಂದೆರಡು ಪಲಾವ್ ಎಲೆ, ಹತ್ತು ಹದಿನೈದು ಕಾಳುಮೆಣಸು. ಇವು ಮಾಂಸದ ಜೊತೆ ಪೂರ್ತಿ ಹೊತ್ತು ಬೇಯಲಿ. ಕೊನೆಗೆ ಅವುಗಳಲ್ಲಿ ಸತ್ವ ಉಳಿದಿರೋಲ್ಲ. ಎತ್ತಿ ಬಿಸಾಡಿ, ಇಲ್ಲವೇ ಎಲೆ, ಮೆಣಸು ತೆಗೆದು ಉಳಿದದ್ದನ್ನು ಮಸೆದು ಸಾರಿಗೇ ಸೇರಿಸಿ, ದಪ್ಪವೂ ಬರುತ್ತೆ.

ಎರಡನೇ ಸಲದ್ದು ತಿನ್ನೋದಕ್ಕೆ. ಮಾಂಸ ಮೆತ್ತಗಾಯ್ತು ಅಂತ ಖಾತ್ರಿಯಾದ ಮೇಲೇ ಹಾಕಿ, ಅಂದಾಜಿನ ಮೇಲೆ ಬೇಡ. ಕ್ಯಾರೆಟ್, ಟರ್ನಿಪ್‌ನ ದಪ್ಪ ಹೋಳಿಗೆ ಅರ್ಧ ಗಂಟೆ. ಹತ್ತು ನಿಮಿಷ ಬಿಟ್ಟು ಆಲೂಗಡ್ಡೆ. ಬೀನ್ಸ್, ಎಲೆಕೋಸು ಕೊನೆಯ ಹನ್ನೆರಡು ನಿಮಿಷಕ್ಕೆ. ಬಟಾಣಿ ಒಲೆ ಆರಿಸೋ ನಾಲ್ಕು ನಿಮಿಷ ಮೊದಲು. ಕುಕ್ಕರಿನಲ್ಲಿ ಮಾಂಸ ಬೇಯಿಸಿದವರು ಮುಚ್ಚಳ ತೆಗೆದಿಟ್ಟು ಇಷ್ಟನ್ನೂ ಹೀಗೇ ಮಾಡಬಹುದು. ಕುಕ್ಕರ್‌ಪ್ರಿಯರಿಗೂ ನನಗೂ ಅಲ್ಲಿಗೆ ರಾಜಿ.

ಕೆಮಿಸ್ಟ್ರಿಮೇಷ್ಟ್ರು:
ಟೊಮೆಟೊ ಬಗ್ಗೆ ಎಚ್ಚರ. ತರಕಾರಿಯ ಕೋಶಗಳನ್ನು ಹಿಡಿದಿಡುವುದು ಪೆಕ್ಟಿನ್. ಹುಳಿಯಿರುವ ನೀರಿನಲ್ಲಿ ಅದು ಬೇಗ ಕರಗುವುದಿಲ್ಲ. ಅರ್ಧ ಕೆಜಿ ಟೊಮೆಟೊ ಮೊದಲೇ ಸುರಿದರೆ ಆಲೂಗಡ್ಡೆ ಒಂದು ಗಂಟೆಯಾದರೂ ನಡುವೆ ಕಚಕಚ ಎನ್ನುತ್ತದೆ. ನಾನು ಹೇಳಿದ ಎರಡು ಚಮಚ ಪೇಸ್ಟಿನಿಂದ ತೊಂದರೆಯಿಲ್ಲ. ಹೆಚ್ಚಿದ ಟೊಮೆಟೊ ಆಲೂಗಡ್ಡೆ ಬೆಂದ ನಂತರ ಬೀಳಲಿ.

ಸಮುದ್ರಮಟ್ಟದಿಂದ ಬಹಳ ಎತ್ತರದಲ್ಲಿರುವವರೂ ಓದುತ್ತಿದ್ದರೆ: ಪ್ರತಿ 300 ಮೀಟರಿಗೆ ನೀರು ಕುದಿಯುವ ಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. 1500 ಮೀಟರಿನಲ್ಲಿ 95 ಡಿಗ್ರಿಗೇ ಕುದಿ ಬರುತ್ತದೆ, ಎಲ್ಲಕ್ಕೂ ಹೆಚ್ಚು ಹೊತ್ತು ಬೇಕು. ಅಂಥವರಿಗೆ ಕುಕ್ಕರೇ ಸರಿ.

ಬೆಳ್ಳುಳ್ಳಿಅಜ್ಜಿ:
ಮಗಾ ಮಂಜುಮುಸುಕು, ಬಾರ್ಲಿ ಧಾರಾಳವಾಗಿ ಹಾಕು. ಎರಡೂವರೆ ಲೀಟರಿಗೆ 100 ಗ್ರಾಂ, ಅದಕ್ಕಿಂತ ಜಾಸ್ತಿ ಬೇಡ, ಅದು ಉಬ್ಬಿ ಸಾರನ್ನೆಲ್ಲಾ ಹೀರಿಕೊಂಡು ಕೂರುತ್ತೆ. ಪಾಲಿಶ್ ಆಗಿರೋದಾದ್ರೆ ಮುಕ್ಕಾಲು ಗಂಟೆ ಬೇಕು, ಕ್ಯಾರೆಟ್‌ಗಿಂತ ಸ್ವಲ್ಪ ಮುಂಚೆ ಹಾಕು.

ರಾಜ್ಮಾ ವಿಷಯದಲ್ಲಿ ಮಾತ್ರ ನನ್ನ ಮಾತು ಕೇಳಬೇಕು. ಹಸಿ ಕಾಳನ್ನ ನೇರ ಸೂಪಿಗೆ ಹಾಕ್ಬೇಡ. ಅದರಲ್ಲಿ ಲೆಕ್ಟಿನ್ ಅನ್ನೋ ವಿಷ ಇರುತ್ತೆ, ಅರೆಬೆಂದ ಕಾಳು ನಾಲ್ಕೈದು ತಿಂದರೂ ವಾಂತಿ ಭೇದಿ ಹಿಡಿಸುತ್ತೆ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇರೆ ಪಾತ್ರೆಯಲ್ಲಿ ಅರ್ಧ ಗಂಟೆ ಗಳಗಳ ಕುದಿಸಿ, ಆಮೇಲೆ ಮೆತ್ತಗಾಗೋ ತನಕ ಬೇಯಿಸಿ ಸೂಪಿಗೆ ಸೇರಿಸು. ಸಣ್ಣಉರಿ ಹೇಳಿದ ಗುಳ್ಳೆ ಲೆಕ್ಕ ಮಾಂಸಕ್ಕೆ ಸರಿ, ಈ ಕಾಳಿಗಲ್ಲ. ಸ್ಲೋ ಕುಕ್ಕರಿನಲ್ಲಂತೂ ಹಸಿ ರಾಜ್ಮಾ ಹಾಕಲೇಬಾರದು, ಅದರ ಶಾಖ ಸಾಲೋದಿಲ್ಲ. ಡಬ್ಬದಲ್ಲಿ ಬರೋದು ಬೆಂದಿರುತ್ತೆ, ಅದಕ್ಕೆ ಚಿಂತೆಯಿಲ್ಲ.

ಮಂಜುಮುಸುಕು:
ಅಜ್ಜಿ, ಹಾಗಾದ್ರೆ ರಾಜ್ಮಾ ಬಿಟ್ಟೆ. ಬಾರ್ಲಿ ಮಾತ್ರ.

ಹಸಿದವ:
ಉಪ್ಪು ಜಾಸ್ತಿ ಆದ್ರೆ ಒಂದು ಆಲೂಗಡ್ಡೆ ಹಾಕಿ ತೆಗೆದ್ರೆ ಹೀರಿಕೊಳ್ಳುತ್ತೆ ತಾನೇ?

ಕೆಮಿಸ್ಟ್ರಿಮೇಷ್ಟ್ರು:
ಉಪ್ಪುನೀರನ್ನು ಹೀರುತ್ತದೆ, ಉಪ್ಪನ್ನು ಮಾತ್ರ ಆರಿಸಿ ಹೀರುವುದಿಲ್ಲ. ಪಾತ್ರೆಯಲ್ಲಿ ಉಳಿದ ಸಾರು ಅಷ್ಟೇ ಉಪ್ಪಾಗಿರುತ್ತದೆ. ನೀರು ಸೇರಿಸಿ, ಅಥವಾ ಉಪ್ಪಿಲ್ಲದ ಬಾರ್ಲಿ, ಆಲೂಗಡ್ಡೆಯನ್ನು ಸೇರಿಸಿ ಅಲ್ಲೇ ಬಿಡಿ.

ಉಪ್ಪಿನ ಅಳತೆ ಲೀಟರಿಗೆ 8ರಿಂದ 10 ಗ್ರಾಂ. ಸಮತಟ್ಟಾದ ಒಂದು ಟೀ ಚಮಚ ಪುಡಿ ಉಪ್ಪು ಸುಮಾರು 6 ಗ್ರಾಂ ತೂಗುತ್ತದೆ. ಅರ್ಧ ಭಾಗ ಮಾಂಸದ ಜೊತೆ ಹಾಕಿ, ಉಳಿದರ್ಧ ಎಲ್ಲ ಬೆಂದು ಸಾರು ಇಂಗಿದ ನಂತರ ರುಚಿ ನೋಡುತ್ತಾ ಹಾಕಿ. ಸೂಪ್ ಕ್ಯೂಬ್ ಬಳಸಿದರೆ ಮೊದಲ ಅರ್ಧವನ್ನೂ ಬಿಡಿ, ಅದರಲ್ಲೇ ಉಪ್ಪು ಬೇಕಾದಷ್ಟಿದೆ.

ಕಡಲಗಾಳಿ:
ಉಪ್ಪು ಸರಿ ಉಂಟು, ಆದರೂ ಎಂತದೋ ಸಪ್ಪೆ ಅಂತ ಕಂಡರೆ ಹುಳಿ ಕಮ್ಮಿ ಅಂತ ಲೆಕ್ಕ. ಇಳಿಸುವ ಮೊದಲು ಒಂದು ಚಮಚ ವಿನೆಗರ್ ಅಥವಾ ಅರ್ಧ ನಿಂಬೆ. ಹುಳಿ ಗೊತ್ತಾಗ್ಬಾರ್ದು, ಮಾಂಸದ ರುಚಿ ಎದ್ದು ಬರ್ಬೇಕು ಅಷ್ಟೆ. ಪಾರ್ಸ್ಲಿ ಇದ್ದರೆ ಅದೂ ಆವಾಗಲೇ, ಮೊದಲು ಹಾಕಿದ್ರೆ ಹುಲ್ಲು.

ರಾತ್ರಿಪಾಳಿ:
ನಮ್ಮಲ್ಲಿ ಸೂಪ್ ಯಾವಾಗ್ಲೂ ಹಿಂದಿನ ದಿನವೇ ಮಾಡ್ತೀವಿ, ಮರುದಿನ ರುಚಿ ಜಾಸ್ತಿ. ರಾತ್ರಿ ಒಲೆ ಮೇಲೇ ಮುಚ್ಚಿಟ್ಟು ಮಲಗೋದು, ಬೆಳಿಗ್ಗೆ ಕುದಿಸಿದರೆ ಆಯ್ತು. ಚಳಿಗಾಲ ಅಲ್ವಾ, ಏನೂ ಆಗಲ್ಲ.

ಬೆಳ್ಳುಳ್ಳಿಅಜ್ಜಿ:
ಹಿಂದಿನ ದಿನ ಮಾಡೋದು ಸರಿ. ಒಲೆ ಮೇಲೆ ಬಿಡೋದು ತಪ್ಪಪ್ಪಾ.

ಸಣ್ಣಉರಿ:
ಅಜ್ಜಿಯ ಮಾತಿಗೆ ಕಾರಣ ಸೇರಿಸ್ತೀನಿ, ಯಾಕಂದರೆ "ಬೆಳಿಗ್ಗೆ ಕುದಿಸಿದರೆ ಆಯ್ತು" ಅನ್ನೋದು ತುಂಬಾ ಜನರ ನಂಬಿಕೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯುವ ನೀರಿನಲ್ಲೂ ಸಾಯೋಲ್ಲ. ದೊಡ್ಡ ಪಾತ್ರೆ ನಿಧಾನಕ್ಕೆ ತಣಿಯುವಾಗ, ಅದರಲ್ಲೂ 40–50 ಡಿಗ್ರಿ ಆಸುಪಾಸಿನಲ್ಲಿ, ಅವು ಮೊಳೆತು ಬಹಳ ವೇಗವಾಗಿ ಹೆಚ್ಚುತ್ತವೆ. ಗಾಳಿಯಾಡದ ಮಾಂಸದ ಸಾರು ಅವುಗಳಿಗೆ ಇಷ್ಟದ ಜಾಗ. ಹೊರಗೆ ಎಷ್ಟೇ ಚಳಿಯಿರಲಿ, ಮುಚ್ಚಿದ ಐದು ಲೀಟರ್ ಪಾತ್ರೆಯ ನಡುಭಾಗ ಗಂಟೆಗಟ್ಟಲೆ ಬೆಚ್ಚಗಿರುತ್ತೆ.

ಹಾಗಾಗಿ ಒಲೆಯಿಂದ ಇಳಿಸಿದ ಎರಡು ಗಂಟೆಯೊಳಗೆ ಫ್ರಿಜ್ ಸೇರಲಿ. ಅಗಲ, ತಗ್ಗು ಡಬ್ಬಗಳಿಗೆ ಹಂಚಿ, ಇಲ್ಲವೇ ಸಿಂಕಿನಲ್ಲಿ ಐಸ್ ನೀರು ತುಂಬಿ ಪಾತ್ರೆ ಇಟ್ಟು ಕೈಯಾಡಿಸಿ. 4 ಡಿಗ್ರಿಯಲ್ಲಿ ಮೂರು ನಾಲ್ಕು ದಿನ ಇರುತ್ತೆ. ಮತ್ತೆ ಬಿಸಿ ಮಾಡುವಾಗ ತಿನ್ನುವಷ್ಟನ್ನೇ ತೆಗೆದು ಪೂರ್ತಿ ಕುದಿ ಬರಿಸಿ.

ಇನ್ನೊಂದು ಲಾಭ: ರಾತ್ರಿ ಫ್ರಿಜ್ಜಿನಲ್ಲಿ ಕೊಬ್ಬು ಮೇಲೆ ಹೆಪ್ಪುಗಟ್ಟುತ್ತೆ, ಚಮಚದಲ್ಲಿ ಎತ್ತಿಬಿಡಬಹುದು. ಅದನ್ನು ಬಿಸಾಡಬೇಡಿ, ಮುಂದಿನ ಸಲ ಈರುಳ್ಳಿ ಹುರಿಯೋಕೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಕೆಳಗಿನ ಸಾರು ಅಲುಗಾಡುವ ಜೆಲ್ಲಿಯಾಗಿದ್ದರೆ ಮಾಂಸ, ಮೂಳೆಯ ಆಯ್ಕೆ ಸರಿಯಾಗಿತ್ತು ಅಂತ.

ರಾತ್ರಿಪಾಳಿ:
ಇಷ್ಟು ದಿನ ಏನೂ ಆಗಿಲ್ಲ ಅಂತ ವಾದ ಮಾಡಬಹುದು, ಮಾಡಲ್ಲ. ಡಬ್ಬಕ್ಕೆ ಹಾಕ್ತೀನಿ.

ಕುಕ್ಕರ್‌ಪ್ರಿಯ:
ಫ್ರೀಜರ್‌ಗೆ ಹಾಕೋರು ಆಲೂಗಡ್ಡೆ ಹಾಕೋ ಮುಂಚೆಯೇ ಒಂದು ಪಾಲು ತೆಗೆದಿಡಿ. ಹೆಪ್ಪುಗಟ್ಟಿ ಕರಗಿದ ಆಲೂಗಡ್ಡೆ ಪುಡಿಪುಡಿಯಾಗಿ ನೀರು ಬಿಡುತ್ತೆ. ಡಬ್ಬದ ಮೇಲೆ ಎರಡು ಬೆರಳು ಜಾಗ ಬಿಡಿ, ಸಾರು ಹಿಗ್ಗುತ್ತೆ. ಎರಡು ಮೂರು ತಿಂಗಳೊಳಗೆ ಮುಗಿಸಿ.

ಮಂಜುಮುಸುಕು:
ನನ್ನ ಲೆಕ್ಕ ಹೀಗೆ, ತಪ್ಪಿದ್ದರೆ ತಿದ್ದಿ. ಭುಜದ ಮಾಂಸ ಒಂದೂಕಾಲು ಕೆಜಿ, ಕೀಲಿನ ಮೂಳೆ ಅರ್ಧ ಕೆಜಿ, ನೀರು ಮೂರು ಲೀಟರ್. ಶನಿವಾರ ಸಂಜೆ ಮಾಂಸ ಹುರಿದು (ತಿಳಿಸಾರು ಅವರು ಕ್ಷಮಿಸಬೇಕು), ಮೊದಲ ಕಂತಿನ ತರಕಾರಿ ಜೊತೆ ಪಾತ್ರೆಯಲ್ಲೇ ಎರಡೂವರೆ ಗಂಟೆ. ಮೂಳೆ, ಎಲೆ, ಮೆಣಸು ತೆಗೆದು ಬೇಗ ತಣಿಸಿ ಫ್ರಿಜ್ಜಿಗೆ. ಭಾನುವಾರ ಕೊಬ್ಬು ತೆಗೆದು, ಕುದಿ ಬರಿಸಿ, ಬಾರ್ಲಿ 100 ಗ್ರಾಂ, ಆಮೇಲೆ ಕ್ಯಾರೆಟ್ನಿಂದ ಬಟಾಣಿವರೆಗೆ ಸಾಲಾಗಿ. ಅಣಬೆ ಯಾವಾಗ?

ಕೆಮಿಸ್ಟ್ರಿಮೇಷ್ಟ್ರು:
ಶನಿವಾರ, ಮಾಂಸ ಹುರಿದು ತೆಗೆದ ಅದೇ ಪಾತ್ರೆಯಲ್ಲಿ, ಈರುಳ್ಳಿಗಿಂತ ಮೊದಲು. ನೀರು ಬಿಟ್ಟು ಆರಿ ಕಂದಾಗಲಿ. ಅಣಬೆ ಎಷ್ಟು ಹೊತ್ತು ಬೆಂದರೂ ಕರಗುವುದಿಲ್ಲ, ಅದರ ಚಿಂತೆ ಬೇಡ.

ಸೌಟು:
ಬಾರ್ಲಿ ಒಂದಿಷ್ಟು ಸಾರು ಕುಡೀತದ ರೀ. ಪಕ್ಕದ ಒಲ್ಯಾಗ ಒಂದು ಕೆಟಲ್ ಬಿಸಿನೀರು ಕಾಯಿಸಿ ಇಟಗೊಳ್ರಿ. ತಣ್ಣೀರು ಸುರದ್ರ ಕುದಿ ನಿಂತು ಮಂದಿ ಕಾಯಬೇಕಾಗ್ತದ.

ಹಸಿದವ:
ಏಳೆಂಟು ಜನರಲ್ಲಿ ಒಂದು ಜಾಗ ಖಾಲಿ ಇದೆಯಾ ಮಂಜುಮುಸುಕು?

ಮಂಜುಮುಸುಕು:
ಬ್ರೆಡ್ ತರೋರಿಗೆ ಇದೆ.